ರಸ್ತೆ ಎಳೆಯುವ ಆಟ

ಆಟವಾಡುವುದಕ್ಕೆ ಒಂದು ವಯಸ್ಸಿದೆ ಎಂದು ನಮ್ಮವರು ಎಂದೂ ನಂಬಿದವರಲ್ಲ. ಹಬ್ಬದ ಮಧ್ಯಾಹ್ನ ಸೀಮೆಸುಣ್ಣದಿಂದ ನೆಲದ ಮೇಲೆ ಚೌಕಾಬಾರದ ಮನೆ ಬರೆದುಕೊಂಡು ಕವಡೆ ಚೆಲ್ಲುತ್ತಿದ್ದವರಲ್ಲಿ ಮೊಮ್ಮಕ್ಕಳಿಗಿಂತ ಅಜ್ಜಿಯರ ಗದ್ದಲವೇ ಹೆಚ್ಚಾಗಿರುತ್ತಿತ್ತು. ಅಳಗುಳಿಮಣೆಯ ಮುಂದೆ ಕುಳಿತ ಹೆಂಗಸರು ಒಲೆಯ ಮೇಲಿನ ಹಾಲನ್ನು ಮರೆತದ್ದುಂಟು. ಇನ್ನು ಧರ್ಮರಾಯನ ವಿಷಯವನ್ನು ಕನ್ನಡ ಪಾಠ ಹೇಳುವ ನಾನು ಎತ್ತಿದರೆ ಅದು ಪಾಠವೇ ಆಗಿಬಿಟ್ಟೀತು, ಬಿಡೋಣ. ಆದ್ದರಿಂದ ನಲವತ್ತು ದಾಟಿದ ಕಾಲೇಜು ಅಧ್ಯಾಪಕನೊಬ್ಬ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಮೊಬೈಲು ಫೋನಿನ ಮೇಲೆ ಬೆರಳಿನಿಂದ ರಸ್ತೆ ಎಳೆಯುತ್ತಿರುವುದನ್ನು ಕಂಡರೆ ವಾಚಕರು ದಯವಿಟ್ಟು ಹುಬ್ಬೇರಿಸಬಾರದು.

ನಾವಿರುವುದು ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರದಲ್ಲಿ. ನಾನು ಪಾಠ ಹೇಳುವ ಕಾಲೇಜು ಇರುವುದು ಬಸವನಗುಡಿಯ ಕಡೆ. ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಮತ್ತೊಂದು. ಹೋಗುವಾಗ ಒಂದೂವರೆ ಗಂಟೆ. ಬರುವಾಗ ಎಷ್ಟು ಹೊತ್ತೆಂಬುದು ಆ ದಿನದ ಅದೃಷ್ಟ. ಮೊದಮೊದಲು ಚಂಪೂಕಾವ್ಯವೊಂದನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತಿದ್ದೆ. ಯತಿಯನ್ನು ಮೀರುವುದು ಕನ್ನಡ ಕವಿಗಳ ಹಳೆಯ ಸ್ವಾತಂತ್ರ್ಯ, ನಿಜ. ಆದರೆ ಡ್ರೈವರು ಬ್ರೇಕು ಹಾಕಿದಲ್ಲೆಲ್ಲ ಯತಿ ಬರುವುದಾದರೆ ಯಾವ ಪದ್ಯ ತಾನೆ ಉಳಿದೀತು? ಅಷ್ಟರಲ್ಲಿ ನನ್ನ ತಮ್ಮ ಹೊಸ ಫೋನು ಕೊಂಡ. ಅವನ ಹಳೆಯ ಆಪಲ್ ಫೋನು ನನಗೆ ಬಂತು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿದ್ದ ಕಾಲ ಹೋಗಿ ತಮ್ಮನ ಫೋನು ಅಣ್ಣನಿಗೆ ಬರುವ ಕಾಲ ಬಂದಿದೆ. ಆ ಫೋನಿನೊಳಗೆ ಈ ಆಟವಿತ್ತು.

ಇದರ ಹೆಸರು ‘ಮಿನಿ ಮೋಟರ್‌ವೇಸ್’. ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ‘ಡೈನೋಸಾರ್ ಪೋಲೊ ಕ್ಲಬ್’ ಎಂಬ ಸಣ್ಣ ಸಂಸ್ಥೆಯವರು ಇದನ್ನು 2019ರಲ್ಲಿ ಹೊರತಂದರು. ಡೈನೋಸಾರುಗಳಿಗೂ ಪೋಲೊ ಆಟಕ್ಕೂ ಏನು ನಂಟು ಎಂದು ನನ್ನನ್ನು ಕೇಳಬೇಡಿ; ಶಬ್ದಾರ್ಥ ಸಂಬಂಧ ನಿತ್ಯವೆಂದು ವಾದಿಸುವ ಪಂಡಿತರನ್ನು ಕೇಳಿ. ಪೀಟರ್ ಕರಿ, ರಾಬರ್ಟ್ ಕರಿ ಎಂಬ ಅಣ್ಣತಮ್ಮಂದಿರು ಕಟ್ಟಿದ ಈ ಸಂಸ್ಥೆ ಇದಕ್ಕೆ ಮೊದಲು ರೈಲಿನ ಹಾದಿಗಳನ್ನು ಜೋಡಿಸುವ ‘ಮಿನಿ ಮೆಟ್ರೋ’ ಎಂಬ ಆಟದಿಂದ ಹೆಸರು ಪಡೆದಿತ್ತು. ಅಲ್ಲಿ ಹಳಿ, ಇಲ್ಲಿ ರಸ್ತೆ.

ಆಟದ ಕ್ರಮ ಬಹಳ ಸರಳ. ಬರಿಯ ನೆಲವೊಂದು ಕಣ್ಣೆದುರಿಗೆ ಬರುತ್ತದೆ. ಲಾಸ್ ಏಂಜಲೀಸ್, ಟೋಕಿಯೊ, ದಾರ್ ಎಸ್ ಸಲಾಮ್ ಎಂದು ಒಂದೊಂದಕ್ಕೂ ಒಂದೊಂದು ಊರಿನ ಹೆಸರು. ನಡುವೆ ನದಿಯೋ ಕಡಲಂಚೋ ಬೆಟ್ಟವೋ ಇರುತ್ತದೆ. ಅದರ ಮೇಲೆ ಒಂದು ಕೆಂಪು ಮನೆ ಹುಟ್ಟುತ್ತದೆ. ಅಷ್ಟು ದೂರದಲ್ಲಿ ಒಂದು ಕೆಂಪು ಕಟ್ಟಡ. ಎರಡರ ನಡುವೆ ನೀವು ಬೆರಳಿನಿಂದ ರಸ್ತೆ ಎಳೆಯಬೇಕು. ಪ್ರತಿ ಮನೆಯಲ್ಲಿ ಎರಡು ಪುಟ್ಟ ಕಾರುಗಳಿವೆ. ಕಟ್ಟಡದ ಮೇಲೆ ಗುಂಡುಸೂಜಿಯ ತಲೆಯಂಥ ಒಂದು ಗುರುತು ಮೂಡಿತೆಂದರೆ ಅಲ್ಲಿಗೆ ಒಬ್ಬರು ಬರಬೇಕೆಂದು ಅರ್ಥ. ಕೆಂಪು ಮನೆಯಿಂದ ಕೆಂಪು ಕಾರು ಹೊರಟು, ಆ ಗುರುತನ್ನು ತೆಗೆದುಕೊಂಡು ಮನೆಗೆ ಮರಳುತ್ತದೆ. ಹೀಗೆ ತಂದ ಗುರುತುಗಳೇ ನಿಮ್ಮ ಅಂಕ. ಆಮೇಲೆ ನೀಲಿ ಮನೆ, ನೀಲಿ ಕಟ್ಟಡ. ಹಳದಿ ಮನೆ, ಹಳದಿ ಕಟ್ಟಡ. ನೆಲವೂ ಹಿಗ್ಗುತ್ತ ಹೋಗುತ್ತದೆ. ವಾರಕ್ಕೊಮ್ಮೆ ಭಾನುವಾರ ಮುಗಿಯುತ್ತಲೆ ಒಂದಷ್ಟು ಹೊಸ ರಸ್ತೆ ನಿಮ್ಮ ಕೈಗೆ ಬರುತ್ತದೆ. ಜೊತೆಗೆ ಸೇತುವೆ ಬೇಕೆ, ಹೆದ್ದಾರಿ ಬೇಕೆ, ಸಿಗ್ನಲ್ ದೀಪ ಬೇಕೆ ಎಂಬಂಥ ಎರಡು ಆಯ್ಕೆಗಳಲ್ಲಿ ಒಂದು. ಯಾವುದೋ ಒಂದು ಕಟ್ಟಡಕ್ಕೆ ಕಾರುಗಳು ಹೊತ್ತಿಗೆ ಬಾರದೆ ಗುರುತುಗಳು ಗುಡ್ಡೆಯಾದರೆ ಅದರ ಸುತ್ತ ಒಂದು ವೃತ್ತ ಮೆಲ್ಲಗೆ ತುಂಬತೊಡಗುತ್ತದೆ. ವೃತ್ತ ತುಂಬಿದರೆ ಆಟ ಮುಗಿಯಿತು.

ಮೊದಲು ಇದರ ಗುಣಗಳನ್ನು ಹೇಳಿಬಿಡುತ್ತೇನೆ. ಇದರಲ್ಲಿ ಯಾರನ್ನೂ ಕೊಲ್ಲಬೇಕಾಗಿಲ್ಲ. ಚಿನ್ನದ ನಾಣ್ಯಗಳ ಮಳೆ ಸುರಿಯುವುದಿಲ್ಲ. “ಶಹಭಾಸ್!” ಎಂದು ಕಿರುಚುವ ದನಿ ಇಲ್ಲ. ನಿಯಮವನ್ನು ಒಂದು ಮಾತಿನ ನೆರವೂ ಇಲ್ಲದೆ ಕಲಿಯಬಹುದು. ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ಕೂಡಿಸುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದು ಹೊಸ ವಿದ್ಯೆಯಲ್ಲ. ಚುಕ್ಕಿಗಳು ತಾವೇ ಹುಟ್ಟುವ ರಂಗೋಲಿ ಎಂದುಕೊಂಡರಾಯಿತು.

ಎರಡನೆಯ ಗುಣ ಇನ್ನೂ ದೊಡ್ಡದು. ಇಲ್ಲಿ ಕಾಲವನ್ನು ನಿಲ್ಲಿಸಬಹುದು. ಒಂದು ಗುಂಡಿ ಒತ್ತಿದರೆ ಊರಿನ ಕಾರುಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ. ನೀವು ನಿಧಾನವಾಗಿ ಯೋಚಿಸಿ, ಬೇಡವಾದ ರಸ್ತೆಯನ್ನು ಅಳಿಸಿ, ಬೇಕಾದಲ್ಲಿ ಎಳೆದು, ಮತ್ತೆ ಕಾಲವನ್ನು ಹರಿಯಬಿಡಬಹುದು. ಅಳಿಸಿದ ರಸ್ತೆ ವ್ಯರ್ಥವಾಗುವುದಿಲ್ಲ. ಅಷ್ಟೂ ನಿಮ್ಮ ಕೈಗೆ ವಾಪಸು ಬರುತ್ತದೆ. ಅದರಲ್ಲಿಯೂ ಒಂದು ಸೌಜನ್ಯವುಂಟು: ಆ ರಸ್ತೆಯನ್ನು ನಂಬಿ ಹೊರಟ ಕಾರುಗಳಿದ್ದರೆ ಕೊನೆಯ ಕಾರು ದಾಟುವ ತನಕ ರಸ್ತೆ ಮಸುಕಾಗಿ ಕಾದಿದ್ದು, ಆಮೇಲೆ ಮಾಯವಾಗುತ್ತದೆ. ಒಂದು ಬೆಳಗ್ಗೆ ಎದ್ದು ನೋಡುವಾಗ ಮನೆಯ ಮುಂದಿನ ರಸ್ತೆಯೇ ಅಗೆದು ಹೋಗಿರುವುದನ್ನು ಕಂಡಿರುವ ನಗರವಾಸಿಗಳಿಗೆ ಈ ಸೌಜನ್ಯದ ಬೆಲೆ ಗೊತ್ತು.

ಇನ್ನು ಕಾಟಗಳು. ಮೊದಲನೆಯದು, ಮನೆಗಳೂ ಕಟ್ಟಡಗಳೂ ಎಲ್ಲಿ ಹುಟ್ಟಬೇಕೆಂಬುದು ನಿಮ್ಮ ಕೈಯಲ್ಲಿಲ್ಲ. ಕೆಂಪು ಮನೆಗಳೆಲ್ಲ ನದಿಯ ಈಚೆ ಸಾಲಾಗಿ ಕುಳಿತಿರುತ್ತವೆ. ಹೊಸ ಕೆಂಪು ಕಟ್ಟಡ ನದಿಯ ಆಚೆ ಹುಟ್ಟುತ್ತದೆ. ನಿಮ್ಮಲ್ಲಿರುವ ಒಂದೇ ಸೇತುವೆಯನ್ನು ಕಳೆದ ವಾರವಷ್ಟೆ ಹಳದಿಯವರಿಗೆ ಕೊಟ್ಟಿರುತ್ತೀರಿ. ಅಷ್ಟು ಅಂದವಾಗಿ ಬಿಟ್ಟುಕೊಂಡಿದ್ದ ಬಯಲಿನ ನಟ್ಟನಡುವೆ ಒಂದು ನೀಲಿ ಮನೆ ಬಂದು ಕೂರುತ್ತದೆ. ಅದನ್ನು ಎಬ್ಬಿಸುವ ಅಧಿಕಾರ ನಿಮಗಿಲ್ಲ.

ಎರಡನೆಯದು ಕೂಡುರಸ್ತೆಗಳ ಕಾಟ. ರಸ್ತೆ ರಸ್ತೆಯನ್ನು ಸೇರಿದಲ್ಲೆಲ್ಲ ಕಾರುಗಳು ತಡೆದು ತಡೆದು ಹೋಗುತ್ತವೆ. ಉಳಿತಾಯಕ್ಕೆಂದು ಒಂದೇ ರಸ್ತೆಗೆ ಎಲ್ಲ ಬಣ್ಣಗಳನ್ನೂ ಸೇರಿಸಿದಿರೋ, ಕೆಂಪಿನ ಹಿಂದೆ ನೀಲಿ, ನೀಲಿಯ ಹಿಂದೆ ಹಳದಿ ಎಂದು ಸಾಲು ಬೆಳೆದು, ಯಾರಿಗಾಗಿ ಯಾರು ನಿಂತಿದ್ದಾರೆಂಬುದೇ ತಿಳಿಯದಾಗುತ್ತದೆ. ಸಿಗ್ನಲ್ ದೀಪ ನೆಟ್ಟರೆ ಸರಿಹೋದೀತೆಂದು ನೆಟ್ಟರೆ, ನನ್ನ ಅನುಭವದಲ್ಲಿ, ಇದ್ದ ಸಾಲು ನಾಲ್ಕಾಗುತ್ತದೆ.

ಮೂರನೆಯದು ಹೆದ್ದಾರಿಯ ಮೋಹ. ಊರಿನ ಮೇಲೆ ಬಿಲ್ಲಿನಂತೆ ಹಾಯುವ ಹೆದ್ದಾರಿಯನ್ನು ಎಳೆಯುವಾಗ ಬೆರಳಿಗೊಂದು ಗರ್ವ ಬರುತ್ತದೆ. ಕಾರುಗಳು ಸುಯ್ಯೆಂದು ಓಡುತ್ತವೆ. ಒಂದು ವಾರ ಕಳೆಯುವುದರೊಳಗೆ ಆ ಓಟವೆಲ್ಲ ಹೆದ್ದಾರಿ ಇಳಿಯುವ ಒಂದೇ ಮೂಲೆಯಲ್ಲಿ ಸುರಿದು ಅಲ್ಲಿ ಹೊಸ ಗಂಟು ಬೀಳುತ್ತದೆ. ಇದು ಆಟ ಕಟ್ಟಿದವರ ಚೇಷ್ಟೆ ಎಂದುಕೊಳ್ಳುವಂತಿಲ್ಲ. ಪೇಟೆಗೆ ಹೋಗಿಬರುವವರ ಹೆದ್ದಾರಿಯನ್ನು ಎಷ್ಟು ಅಗಲ ಮಾಡಿದರೂ ಜನದಟ್ಟಣೆಯ ಹೊತ್ತಿನಲ್ಲಿ ಅದು ಕಟ್ಟಿಕೊಳ್ಳುವವರೆಗೆ ತುಂಬಿಯೇ ತೀರುತ್ತದೆಂದು ಆಂಥೊನಿ ಡೌನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1962ರಲ್ಲಿಯೇ ವಾದಿಸಿದ. ಹೊಸ ರಸ್ತೆಯೊಂದನ್ನು ಸೇರಿಸಿದ್ದರಿಂದಲೇ ಎಲ್ಲರ ಪ್ರಯಾಣವೂ ಮೊದಲಿಗಿಂತ ನಿಧಾನವಾಗುವ ಸಂದರ್ಭ ಉಂಟೆಂದು ಡೀಟ್ರಿಕ್ ಬ್ರಾಸ್ ಎಂಬ ಜರ್ಮನ್ ಗಣಿತಜ್ಞ 1968ರಲ್ಲಿ ಲೆಕ್ಕ ಹಾಕಿ ತೋರಿಸಿದ. ಒಬ್ಬೊಬ್ಬನೂ ತನಗೆ ಹತ್ತಿರವಾದ ದಾರಿ ಹಿಡಿದರೆ ಎಲ್ಲರಿಗೂ ದೂರವಾಗಬಹುದು ಎಂಬುದು ಆ ಲೆಕ್ಕದ ಸಾರ. ನಮ್ಮಲ್ಲಿ ಇದನ್ನು ಲೆಕ್ಕವಿಲ್ಲದೆಯೇ ಬಲ್ಲೆವು. ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲುರಸ್ತೆ 2010ರಲ್ಲಿ ತೆರೆಯಿತು. ಮೇಲೆ ಹೋಗುವವರು ನಿಜಕ್ಕೂ ಬೇಗ ಹೋದರು. ಆದರೆ ಮೇಲೆ ಹೋದವರೆಲ್ಲ ಎಲ್ಲಾದರೂ ಕೆಳಗೆ ಇಳಿಯಲೇಬೇಕಲ್ಲ! ಇಳಿದು ಊರಿನ ಕಡೆ ತಿರುಗಿದರೆ ಎದುರಿಗೆ ಸಿಲ್ಕ್ ಬೋರ್ಡಿನ ಕೂಡುರಸ್ತೆ.

ಕೊನೆಯ ಕಾಟ, ಇದರಲ್ಲಿ ಗೆಲುವಿಲ್ಲ. ಎಷ್ಟು ಜಾಣತನದಿಂದ ಆಡಿದರೂ ಊರು ಬೆಳೆಯುತ್ತ ಬೆಳೆಯುತ್ತ ಒಂದು ದಿನ ಯಾವುದೋ ಮೂಲೆಯ ಕಟ್ಟಡದ ವೃತ್ತ ತುಂಬಿಬಿಡುತ್ತದೆ. ಮಿಕ್ಕ ಊರೆಲ್ಲ ಚೆನ್ನಾಗಿಯೇ ನಡೆದಿರುತ್ತದೆ. ಆ ಒಂದು ಕಟ್ಟಡಕ್ಕಾಗಿ ಎಲ್ಲವೂ ನಿಲ್ಲುತ್ತದೆ. ಕೊನೆಯೇ ಇಲ್ಲದೆ ಆಡುವ ಒಂದು ಬಗೆಯನ್ನೂ ಈಚೆಗೆ ಸೇರಿಸಿದ್ದಾರೆ. ಆಡಿ ನೋಡಿದೆ, ಉಪ್ಪಿಲ್ಲದ ಸಾರಿನಂತಿತ್ತು. ಸೋಲಿನ ಭಯವಿಲ್ಲದಿದ್ದರೆ ರಸ್ತೆ ಎಳೆಯುವ ಬೆರಳಿಗೆ ಎಚ್ಚರವೇ ಇರುವುದಿಲ್ಲ.

ಇಷ್ಟು ಕಾಟವಿದ್ದೂ ನಾನು ಈ ಆಟವನ್ನು ಬಿಡದಿರುವುದಕ್ಕೆ ಕಾರಣವುಂಟು. ಒಂದು ಸಂಜೆ ನಮ್ಮ ಬಸ್ಸು ವೃತ್ತವೊಂದರಲ್ಲಿ ಮುಕ್ಕಾಲು ಗಂಟೆ ನಿಂತಿತು. ಬಸ್ಸಿನೊಳಗೆ ಎಂದಿನ ಸಭೆ ಕೂಡಿತು. ಒಬ್ಬರು ಆಟೋದವರನ್ನು ಬೈದರು. ಒಬ್ಬರು ಅಡ್ಡಾದಿಡ್ಡಿ ನುಗ್ಗುವ ಸ್ಕೂಟರಿನವರನ್ನು. ಇನ್ನೊಬ್ಬರು, “ನಮ್ಮ ಜನಕ್ಕೆ ಶಿಸ್ತಿಲ್ಲ ಸ್ವಾಮಿ, ಅದೇ ರೋಗ” ಎಂದು ತೀರ್ಪು ಕೊಟ್ಟರು. ನನ್ನ ಅಂಗೈಯೊಳಗಿನ ಊರೂ ಆ ಹೊತ್ತಿಗೆ ಸರಿಯಾಗಿ ನಿಂತುಹೋಗಿತ್ತು. ಅಲ್ಲಿ ಅಡ್ಡ ನುಗ್ಗುವವರಿಲ್ಲ. ಗುಂಡಿಗಳಿಲ್ಲ, ಲಂಚವಿಲ್ಲ, ಮದುವೆಯ ದಿಬ್ಬಣವಿಲ್ಲ, ಮಂತ್ರಿಗಳ ಸವಾರಿಯಿಲ್ಲ. ಒಂದೊಂದು ಕಾರೂ ತನ್ನ ಸರದಿಗೆ ಕಾದು, ತನ್ನ ಕೆಲಸಕ್ಕೆ ಹೋಗಿ, ತನ್ನ ಮನೆಗೆ ಮರಳುವ ಸಾಧುಪ್ರಾಣಿ. ಆದರೂ ಊರು ನಿಂತಿತ್ತು!

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಶಿಸ್ತಿದ್ದರೆ ನಮ್ಮ ಸಂಜೆಯ ಮುಕ್ಕಾಲು ಗಂಟೆ ಅರ್ಧ ಗಂಟೆಯಾದೀತು. ಆದರೆ ಯಾರೂ ಕೆಟ್ಟವರಲ್ಲದ ಊರೂ ಕಟ್ಟಿಕೊಳ್ಳಬಹುದು ಎಂಬುದನ್ನು ಈ ಪುಟ್ಟ ಆಟ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮನೆ ಎಲ್ಲಿದೆ, ಕೆಲಸ ಎಲ್ಲಿದೆ ಎಂಬುದರಲ್ಲಿಯೇ ಗಂಟಿನ ಮೊದಲ ಎಳೆ ಇರುತ್ತದೆ. ಕೆಂಪೇಗೌಡ 1537ರಲ್ಲಿ ಊರು ಕಟ್ಟಿದಾಗ ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳನ್ನು ಒಂದನ್ನೊಂದು ದಾಟುವಂತೆ ಎಳೆದ. ಅವುಗಳ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬೆಳೆಯಿತು. ಕುಂಬಾರಪೇಟೆ, ಗಾಣಿಗರಪೇಟೆ, ಅಕ್ಕಿಪೇಟೆ, ಬಳೇಪೇಟೆ. ಕಸುಬು ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಕಸುಬು. ಆಟದ ಮಾತಿನಲ್ಲಿ ಹೇಳುವುದಾದರೆ ಕೆಂಪು ಮನೆಯ ಪಕ್ಕದಲ್ಲೇ ಕೆಂಪು ಕಟ್ಟಡ. ಹುಟ್ಟಿದ ಕಸುಬಿಗೇ ಮನುಷ್ಯನನ್ನು ಕಟ್ಟಿಹಾಕುತ್ತಿದ್ದ ಆ ಏರ್ಪಾಡು ಮತ್ತೆ ಬರಲೆಂದು ಹಾರೈಸುವವನು ನಾನಲ್ಲ. ಕುಂಬಾರನ ಮಗಳು ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವುದು ಒಳ್ಳೆಯದೇ. ಆ ಒಳ್ಳೆಯದಕ್ಕೆ ನಾವು ತೆರುತ್ತಿರುವ ಸುಂಕ ಎಷ್ಟೆಂಬುದನ್ನು ಮಾತ್ರ ತಿಳಿದಿರಬೇಕು.

ಆ ಸುಂಕದ ಲೆಕ್ಕ ನಮ್ಮ ಮನೆಯಲ್ಲಿಯೇ ಏಳುವ ಕಾಲ ಬಂತು. ನನ್ನ ಹೆಂಡತಿ ಕೆಲಸ ಮಾಡುವುದು ಬ್ಯಾಂಕಿನಲ್ಲಿ. ಅವಳಿಗೆ ವೈಟ್‌ಫೀಲ್ಡಿನ ಶಾಖೆಗೆ ವರ್ಗವಾಯಿತು. ಮಗ ಓದುವುದು ಕೆಂಗೇರಿಯ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. ನಾನು ಬಸವನಗುಡಿ. ಮೂವರೂ ದಿನದಲ್ಲಿ ಮೂರು ಮೂರು ಗಂಟೆ ರಸ್ತೆಗೆ ಕೊಟ್ಟು, ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಲಾರದಷ್ಟು ದಣಿಯುತ್ತಿದ್ದೆವು. ಹೀಗೇ ನಡೆದರೆ ಮನೆ ಎಂಬುದು ಬಟ್ಟೆ ಬದಲಾಯಿಸುವ ಜಾಗವಾದೀತು ಎಂದಳು ಅವಳು. ಅದು ನಿಜವಾಗಿತ್ತು. ವಿದ್ಯಾರಣ್ಯಪುರದ ಮನೆಯನ್ನು ಬಾಡಿಗೆಗೆ ಕೊಟ್ಟು, ಮೆಟ್ರೋ ನಿಲ್ದಾಣದ ಹತ್ತಿರ ಎಲ್ಲಾದರೂ ಒಂದು ಫ್ಲ್ಯಾಟು ಹಿಡಿಯಬಾರದೇಕೆ ಎಂಬ ಮಾತು ಹುಟ್ಟಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಬಣ್ಣದ ಮೆಟ್ರೋ 2023ರಿಂದ ಒಂದೇ ಸಮನೆ ಓಡುತ್ತಿದೆ. ಆ ಹಾದಿ ಕೆಂಗೇರಿಯನ್ನೂ ಮುಟ್ಟುತ್ತದೆ, ಮೆಜೆಸ್ಟಿಕ್ಕನ್ನೂ ಮುಟ್ಟುತ್ತದೆ. ಕಾಗದದ ಮೇಲೆ ಇದಕ್ಕಿಂತ ಜಾಣ ಉತ್ತರ ಇಲ್ಲ.

ಒಂದು ಭಾನುವಾರ ಮಗ ದೊಡ್ಡ ಕಾಗದದ ಮೇಲೆ ನಮ್ಮ ಆಟದಂತೆಯೇ ಚಿತ್ರ ಬರೆದ. ಅಮ್ಮನಿಗೆ ನೀಲಿ, ತನಗೆ ಹಳದಿ, ನನಗೆ ಕೆಂಪು. “ಅಪ್ಪಾ, ನಮ್ಮನೆಗೆ ಮೂರು ಬಣ್ಣ ಇದೆ. ಆಟದಲ್ಲಿ ಒಂದು ಮನೆಗೆ ಒಂದೇ ಬಣ್ಣ. ಅದಕ್ಕೇ ಅಲ್ಲಿ ಸುಲಭ” ಎಂದ. ಆಟದ ದೊಡ್ಡ ಕೊರತೆಯನ್ನು ಹುಡುಗ ಒಂದೇ ಮಾತಿನಲ್ಲಿ ಹಿಡಿದಿದ್ದ. ಅಲ್ಲಿಯ ಮನೆಗಳಲ್ಲಿ ಸಂಸಾರವಿಲ್ಲ; ಕೆಲಸಕ್ಕೆ ಹೋಗುವ ಎರಡು ಕಾರುಗಳು ಮಾತ್ರ ಇವೆ.

ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನಮ್ಮಮ್ಮ ತಲೆಯೆತ್ತಿ, “ನನ್ನ ಬಣ್ಣ ಯಾವುದೋ ಮಗೂ?” ಎಂದು ಮೊಮ್ಮಗನನ್ನು ಕೇಳಿದರು.

ಅವನು ಪೆನ್ಸಿಲು ಹಿಡಿದು ಸುಮ್ಮನೆ ಕುಳಿತ. ಅಮ್ಮನಿಗೆ ಎಪ್ಪತ್ತಾರು. ಅವರು ಎಲ್ಲಿಗೆ ಹೋಗುತ್ತಾರೆ? ಬೆಳಗ್ಗೆ ಹಾಲಿನ ಬೂತಿಗೆ, ಅಲ್ಲಿಂದ ದೇವಸ್ಥಾನಕ್ಕೆ, ಬರುವಾಗ ಸೊಪ್ಪಿನವಳ ಗಾಡಿಯ ಹತ್ತಿರ ಒಂದು ಮಾತು, ಮಧ್ಯಾಹ್ನ ಎದುರು ಸಾಲಿನ ಗೆಳತಿಯ ಮನೆಗೆ, ತಿಂಗಳಿಗೊಮ್ಮೆ ರಕ್ತದೊತ್ತಡ ನೋಡುವ ಡಾಕ್ಟರ ಬಳಿಗೆ. ಎಲ್ಲವೂ ಅರ್ಧ ಕಿಲೋಮೀಟರಿನೊಳಗೆ, ಎಲ್ಲವೂ ನಡೆದು. ಮೂವತ್ತು ವರ್ಷ ನಡೆದು ಸವೆಸಿದ ಆ ದಾರಿಯಲ್ಲಿ ಯಾವ ಚಪ್ಪಡಿ ಅಲ್ಲಾಡುತ್ತದೆ, ಯಾವ ಮನೆಯ ನಾಯಿ ಬರಿದೆ ಬೊಗಳುತ್ತದೆ ಎಂಬುದು ಅವರ ಕಾಲಿಗೆ ಗೊತ್ತು. ನಮ್ಮ ಆಟದಲ್ಲಾಗಲಿ, ಮಗ ಬರೆದ ಚಿತ್ರದಲ್ಲಾಗಲಿ ನಡೆಯುವವರಿಗೆ ಗೆರೆಯೇ ಇಲ್ಲ. ಕಾರು ಹತ್ತದವರು ಎಲ್ಲಿಗೂ ಹೋಗುವವರಲ್ಲ ಎಂದೇ ಲೆಕ್ಕ.

ನನ್ನ ಹೆಂಡತಿ ಕಾಗದವನ್ನು ಬಹಳ ಹೊತ್ತು ನೋಡಿದಳು. ಮನೆ ಬಿಡೋಣವೆಂಬ ಮಾತಿನಿಂದ ಹೆಚ್ಚು ಲಾಭ ಪಡೆಯಬೇಕಾದವಳು ಅವಳೇ. ಕೊನೆಗೆ, “ಅತ್ತೆ ನಡೆದುಹೋಗೋ ದಾರಿ ಹಾಗೇ ಇರಲಿ ಬಿಡಿ. ನಾವು ಹೇಗಿದ್ದರೂ ಕೂತು ಹೋಗೋರು” ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವರೆಕಾಯಿಯ ಸಿಪ್ಪೆ ಹಾಕಲು ಕೊಟ್ಟಳು.

ಇದರಿಂದ ನಮ್ಮ ದಣಿವೇನೂ ಕಡಿಮೆಯಾಗಲಿಲ್ಲ. ಇಂದಿಗೂ ಅವಳು ಏಳಕ್ಕೆ ಮುಂಚೆ ಮನೆ ಬಿಡುತ್ತಾಳೆ. ಕತ್ತಲಾದ ಮೇಲೆ ಬರುತ್ತಾಳೆ. ಒಂದೊಂದು ದಿನ ಚಪ್ಪಲಿ ಬಿಚ್ಚುವುದಕ್ಕೂ ತ್ರಾಣವಿಲ್ಲದೆ ಹಜಾರದ ಕುರ್ಚಿಯಲ್ಲಿ ಕೂತುಬಿಡುವುದನ್ನು ನೋಡಿದಾಗ, ನಾವು ಆರಿಸಿಕೊಂಡದ್ದರ ಬೆಲೆ ನನ್ನ ಕಣ್ಣೆದುರಿಗೇ ಇರುತ್ತದೆ. ಅಮ್ಮ ಮಾತಾಡದೆ ಬಿಸಿ ನೀರಿನ ಲೋಟ ತಂದು ಅವಳ ಕೈಗೆ ಕೊಡುತ್ತಾರೆ. ಅತಿ ಹತ್ತಿರದ ದಾರಿಯೇ ಒಳ್ಳೆಯ ದಾರಿ ಎಂದು ಆಟ ಹೇಳುತ್ತದೆ. ಸಂಸಾರ ಅಷ್ಟು ನೇರವಾಗಿ ಹೇಳುವುದಿಲ್ಲ. ಒಬ್ಬರ ದಾರಿ ಹತ್ತಿರವಾಗಬೇಕಾದರೆ ಯಾರ ದಾರಿ ಅಳಿಯುತ್ತದೆ ಎಂದು ಮೊದಲು ಕೇಳುತ್ತದೆ.

ಇದೇ ಪ್ರಶ್ನೆಯನ್ನು ಊರುಗಳೂ ಕೇಳಿಕೊಳ್ಳಬಹುದು. ಕೆಲವು ಕೇಳಿಕೊಂಡಿವೆ. ದಕ್ಷಿಣ ಕೊರಿಯಾದ ಸೋಲ್ ನಗರದ ನಡುವೆ ಹರಿಯುತ್ತಿದ್ದ ಚೊಂಗ್ಯೆಚೊನ್ ಎಂಬ ಹಳ್ಳವನ್ನು ಮುಚ್ಚಿ ಅದರ ಮೇಲೆ ಮೇಲುರಸ್ತೆ ಕಟ್ಟಿದ್ದರು. 2003ರಲ್ಲಿ ಆ ರಸ್ತೆಯನ್ನು ಕೆಡವತೊಡಗಿ, 2005ರ ಹೊತ್ತಿಗೆ ಹಳ್ಳವನ್ನು ಮತ್ತೆ ತೆರೆದು, ದಂಡೆಯುದ್ದಕ್ಕೂ ಜನ ನಡೆಯುವ ದಾರಿ ಮಾಡಿದರು. ನಮ್ಮ ಆಟದಲ್ಲಿ ಅಳಿಸಿದ ರಸ್ತೆ ಕೈಗೆ ವಾಪಸು ಬರುವಂತೆ ಆ ಊರಿಗೆ ತನ್ನ ನೀರು ವಾಪಸು ಬಂತು. ಅದಕ್ಕೆ ತಗುಲಿದ ಹಣ, ಶ್ರಮ, ಜಗಳ ಇವು ಬೆರಳಿನಿಂದ ಅಳಿಸುವಷ್ಟು ಹಗುರವಾಗಿರಲಿಲ್ಲ. ಆದರೆ ಎಳೆದ ರಸ್ತೆಯನ್ನು ಅಳಿಸುವುದೂ ಊರು ಕಟ್ಟುವ ವಿದ್ಯೆಯ ಒಂದು ಭಾಗವೆಂಬುದಕ್ಕೆ ಅದೊಂದು ಸಾಕ್ಷಿ.

ನಾನು ಈಗಲೂ ಬಸ್ಸಿನಲ್ಲಿ ಈ ಆಟವನ್ನು ಆಡುತ್ತೇನೆ. ಯಾರಾದರೂ ಕೊಳ್ಳಬಹುದೆ ಎಂದು ಕೇಳಿದರೆ ಸಂಕೋಚವಿಲ್ಲದೆ ಹೌದೆನ್ನುತ್ತೇನೆ: ಕಣ್ಣಿಗೆ ತಂಪು, ಬುದ್ಧಿಗೆ ಕೆಲಸ, ಸೋತರೂ ಕಹಿಯಿಲ್ಲ, ಬೈಗುಳಕ್ಕೆ ಮುಂಚೆ ಗಂಟಿನ ಎಳೆಯನ್ನು ಹುಡುಕುವ ಅಭ್ಯಾಸವನ್ನೂ ಮಾಡಿಸುತ್ತದೆ. ವೆಲಿಂಗ್ಟನ್ನಿನ ಆ ಸಜ್ಜನರಲ್ಲಿ ನನ್ನದೊಂದೇ ಬಿನ್ನಹ. ಭಾನುವಾರದ ಕಾಣಿಕೆಯಾಗಿ ಸೇತುವೆ ಬೇಕೆ, ಸುರಂಗ ಬೇಕೆ ಎಂದು ಕೇಳುತ್ತೀರಲ್ಲ, ಅದರ ಜೊತೆಗೆ ಒಂದು ಕಾಲುದಾರಿಯನ್ನೂ ಇಡಿ. ಉದ್ದ ಬೇಡ, ಅರ್ಧ ಕಿಲೋಮೀಟರ್ ಸಾಕು. ಒಂದು ತುದಿಗೆ ಹಾಲಿನ ಬೂತು, ಇನ್ನೊಂದು ತುದಿಗೆ ಗೆಳತಿಯ ಮನೆ. ಅದಕ್ಕೆ ಅಂಕ ಕೊಡದಿದ್ದರೂ ಚಿಂತೆಯಿಲ್ಲ.